ಮೊದಲ ಗಿಟಾರ್ ಕೊಳ್ಳುವ ಮುನ್ನ ತಂತಿಯ ಎತ್ತರ ನೋಡಿ

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮನೆಗೆ ಹೋದಾಗ ಬೀರುವಿನ ಮೇಲೆ ಚೀಲದೊಳಗೆ ಮಲಗಿದ್ದ ಗಿಟಾರೊಂದು ಕಣ್ಣಿಗೆ ಬಿತ್ತು. ಹತ್ತನೆಯ ತರಗತಿ ಮುಗಿಸಿದ ಸೋದರಳಿಯ ಹಟ ಹಿಡಿದು ಆನ್‌ಲೈನಿನಲ್ಲಿ ತರಿಸಿಕೊಂಡದ್ದು. ಆರು ವಾರ ನುಡಿಸಿ, ಬೆರಳು ನೋವೆಂದು ಬಿಟ್ಟದ್ದು. "ನನಗೆ ಸಂಗೀತ ಒಲಿಯಲ್ಲ ಮಾಮ" ಎಂದು ಅವನೇ ತೀರ್ಮಾನ ಮಾಡಿಕೊಂಡುಬಿಟ್ಟಿದ್ದ. ನಾನು ಅದನ್ನು ಶ್ರುತಿ ಮಾಡಿ ಎಫ್ ಎಂಬ ಕಾರ್ಡ್, ಅಂದರೆ ಹಲವು ತಂತಿಗಳನ್ನು ಒಟ್ಟಿಗೆ ಒತ್ತಿ ನುಡಿಸುವ ಸ್ವರಗುಚ್ಛ, ಹಿಡಿಯಲು ನೋಡಿದೆ. ವರ್ಷಗಟ್ಟಲೆ ನುಡಿಸಿದ ನನ್ನ ಬೆರಳಿಗೂ ಅದು ಸುಲಭವಾಗಿ ದಕ್ಕಲಿಲ್ಲ. ತಂತಿಗಳ ಕೆಳಗೆ ಅಡ್ಡಲಾಗಿ ಕೂರಿಸಿರುವ ಲೋಹದ ಪಟ್ಟಿಗಳಾದ ಫ್ರೆಟ್ಟುಗಳಲ್ಲಿ ಹನ್ನೆರಡನೆಯದರ ಬಳಿ ಐದು ಎಟಿಎಂ ಕಾರ್ಡ್‌ಗಳನ್ನು ಒಂದರ ಮೇಲೊಂದು ಜೋಡಿಸಿ ದಪ್ಪ ತಂತಿಯ ಅಡಿಯಲ್ಲಿ ತೂರಿಸಿದರೆ ಅವು ತಂತಿಗೆ ತಾಗದೆ ಆಚೆ ಬದಿಗೆ ಬಂದವು. ಅಷ್ಟು ಎತ್ತರದ ತಂತಿಯ ಮೇಲೆ ಆರು ವಾರ ತಾಳಿದ್ದೇ ಹುಡುಗನ ಹೆಚ್ಚುಗಾರಿಕೆ.

ಗಿಟಾರ್ ಕಲಿಯಲು ಹೊರಟು ಮೂರು ತಿಂಗಳೊಳಗೆ ಕೈಬಿಟ್ಟವರನ್ನು ನಾನು ಸಾಕಷ್ಟು ಕಂಡಿದ್ದೇನೆ, ಅವರಲ್ಲಿ ಹಲವರ ಗಿಟಾರುಗಳು ಇದೇ ಬಗೆಯವು. ಆದ್ದರಿಂದ ಮೊದಲ ಗಿಟಾರ್ ಆರಿಸುವಾಗ ಮರ ಯಾವುದು, ಬಣ್ಣ ಯಾವುದು, ಕಂಪನಿ ಯಾವುದು ಎಂದು ಕೇಳುವುದಕ್ಕಿಂತ ಮುಂಚೆ ಎರಡು ಸಂಗತಿಗಳನ್ನು ನೋಡಬೇಕು: ತಂತಿಯನ್ನು ಒತ್ತಲು ಎಷ್ಟು ಬಲ ಬೇಕು, ಮತ್ತು ಒತ್ತಿದ ತಂತಿ ಸರಿಯಾದ ಸ್ವರವನ್ನೇ ಹೊರಡಿಸುತ್ತದೆಯೇ. ಇವೆರಡೂ ಪಳಗಿದವರಿಗಿಂತ ಹೊಸಬರಿಗೇ ಹೆಚ್ಚು ಮುಖ್ಯ, ಏಕೆಂದರೆ ಪಳಗಿದ ಕೈ ಕೆಟ್ಟ ವಾದ್ಯದಲ್ಲೂ ಹೇಗೋ ಸಂಭಾಳಿಸಿಕೊಳ್ಳುತ್ತದೆ. ಹೊಸ ಕೈಗೆ ತಪ್ಪು ತನ್ನದೋ ವಾದ್ಯದ್ದೋ ಎಂಬುದೇ ತಿಳಿಯುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ತೀರ್ಮಾನಿಸಿಕೊಳ್ಳಬೇಕಾದದ್ದು ಒಂದಿದೆ. ನಿಮಗೆ ನುಡಿಸಲು ಆಸೆ ಇರುವ ಸಂಗೀತ ಯಾವುದು? ಭಾವಗೀತೆಯನ್ನೋ ಚಿತ್ರಗೀತೆಯನ್ನೋ ಹಾಡುತ್ತ ತಾವೇ ಹಿನ್ನೆಲೆ ಕೊಟ್ಟುಕೊಳ್ಳಬೇಕೆನ್ನುವವರಿಗೆ ಸ್ಟೀಲ್ ತಂತಿಯ ಅಕೌಸ್ಟಿಕ್, ಎಂದರೆ ವಿದ್ಯುತ್ತಿನ ನೆರವಿಲ್ಲದೆ ನುಡಿಯುವ, ಗಿಟಾರ್ ಸರಿಯಾದ ಆಯ್ಕೆ. ಪಾಶ್ಚಾತ್ಯ ಶಾಸ್ತ್ರೀಯ ಶೈಲಿಯಲ್ಲಿ ಬೆರಳುಗಳಿಂದಲೇ ಮೀಟಿ ನುಡಿಸಬೇಕು, ಟ್ರಿನಿಟಿ ಕಾಲೇಜ್ ಲಂಡನ್ನಿನ ಕ್ಲಾಸಿಕಲ್ ಗಿಟಾರ್ ಪರೀಕ್ಷೆಗೆ ಕೂರಬೇಕು ಎನ್ನುವವರಿಗೆ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಬೇಕು. ರಾಕ್ ಅಥವಾ ಮೆಟಲ್ ಸಂಗೀತದ ಸೆಳೆತವಿದ್ದವರು ನೇರವಾಗಿ ಎಲೆಕ್ಟ್ರಿಕ್ ಗಿಟಾರಿನಿಂದಲೇ ಆರಂಭಿಸಬಹುದು. ಮೊದಲು ಅಕೌಸ್ಟಿಕ್ ಕಲಿತೇ ಎಲೆಕ್ಟ್ರಿಕ್ಕಿಗೆ ಹೋಗಬೇಕೆಂಬ ಮಾತಿಗೆ ನನಗೆ ತಿಳಿದಂತೆ ಯಾವ ಆಧಾರವೂ ಇಲ್ಲ. ಎಲೆಕ್ಟ್ರಿಕ್ ತಂತಿಗಳು ತೆಳುವಾಗಿದ್ದು ಒತ್ತಲು ಸುಲಭ, ಹೆಡ್‌ಫೋನ್ ಹಾಕಿಕೊಂಡರೆ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಹತ್ತರ ನಂತರವೂ ಅಭ್ಯಾಸ ಮಾಡಬಹುದು. ಆದರೆ ಆಂಪ್ಲಿಫೈಯರ್ ಮತ್ತು ಕೇಬಲ್‌ಗೂ ಹಣ ಎತ್ತಿಡಬೇಕಾಗುತ್ತದೆ.

ರಾಗಸಂಗೀತವನ್ನು ಗಿಟಾರಿನಲ್ಲಿ ನುಡಿಸಬೇಕೆಂದು ಬರುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಬ್ರಿಜ್ ಭೂಷಣ್ ಕಾಬ್ರಾ, ವಿಶ್ವಮೋಹನ್ ಭಟ್ ಹಾಗೂ ನಮ್ಮ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರ ಕೈಯಲ್ಲಿ ನೀವು ಕಂಡದ್ದು ಸ್ಲೈಡ್ ಗಿಟಾರ್. ಅದರಲ್ಲಿ ತಂತಿಗಳನ್ನು ಬೇಕೆಂದೇ ಎತ್ತರಿಸಿ, ವಾದ್ಯವನ್ನು ತೊಡೆಯ ಮೇಲೆ ಅಂಗಾತ ಇಟ್ಟು, ಲೋಹದ ಕೋಲನ್ನು ತಂತಿಯ ಮೇಲೆ ಜಾರಿಸುತ್ತಾರೆ. ಫ್ರೆಟ್ಟಿಗೆ ತಂತಿಯನ್ನು ಒತ್ತುವ ಪ್ರಶ್ನೆಯೇ ಅಲ್ಲಿಲ್ಲ. ಇನ್ನೊಂದೆಡೆ ಆರ್. ಪ್ರಸನ್ನ ಅವರು ಸಾಮಾನ್ಯ ಗಿಟಾರಿನ ಫ್ರೆಟ್ಟುಗಳ ಮೇಲೆಯೇ ತಂತಿಯನ್ನು ಎಳೆದು, ಜಾರಿಸಿ ಕರ್ನಾಟಕ ಸಂಗೀತದ ಗಮಕಗಳನ್ನು ತರುತ್ತಾರೆ. ಎರಡಕ್ಕೂ ಬೇಕಾದ ವಾದ್ಯ ಬೇರೆ, ಕೈಚಳಕ ಬೇರೆ. ಈ ದಾರಿಯಲ್ಲಿ ಹೋಗುವವರು ಮೊದಲು ಗುರುವನ್ನು ಹುಡುಕಿಕೊಂಡು, ಅವರು ಹೇಳಿದ ವಾದ್ಯವನ್ನೇ ಕೊಳ್ಳುವುದು ಲೇಸು. ಮುಂದಿನ ಮಾತುಗಳೆಲ್ಲ ತಂತಿಯನ್ನು ಫ್ರೆಟ್ಟಿಗೆ ಒತ್ತಿ ನುಡಿಸುವ ಗಿಟಾರಿಗೆ ಸಂಬಂಧಿಸಿದವು.

ನೈಲಾನ್ ತಂತಿ ಬೆರಳಿಗೆ ಮೃದು, ಆದ್ದರಿಂದ ಹೊಸಬರು ಅದನ್ನೇ ಕೊಳ್ಳಬೇಕು ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಇದು ಅರ್ಧ ಸತ್ಯ. ಶ್ರುತಿಗೆ ಬಿಗಿದ ಆರು ಸ್ಟೀಲ್ ತಂತಿಗಳು ಒಟ್ಟು ಸುಮಾರು 70 ಕಿಲೋಗ್ರಾಂ ತೂಕದಷ್ಟು ಸೆಳೆತ ಹಾಕಿದರೆ ನೈಲಾನ್ ತಂತಿಗಳ ಸೆಳೆತ ಸುಮಾರು 40 ಕಿಲೋಗ್ರಾಂ. ಹಾಗಾಗಿ ಬೆರಳ ತುದಿಯ ನೋವು ನೈಲಾನಿನಲ್ಲಿ ಖಂಡಿತ ಕಡಿಮೆ. ಆದರೆ ಕ್ಲಾಸಿಕಲ್ ಗಿಟಾರಿನ ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಭಾಗ, ಬಿರಡೆಗಳಿರುವ ತಲೆಯ ಬಳಿಯೇ ಸುಮಾರು 52 ಮಿಲಿಮೀಟರ್ ಅಗಲವಿರುತ್ತದೆ. ಸ್ಟೀಲ್ ತಂತಿಯ ಗಿಟಾರಿನಲ್ಲಿ ಅದೇ ಅಗಲ ಸಾಮಾನ್ಯವಾಗಿ 43 ಮಿಲಿಮೀಟರ್ ಆಸುಪಾಸು. ಒಂಬತ್ತು ಮಿಲಿಮೀಟರ್ ಎಂದರೆ ಕಾಗದದ ಮೇಲೆ ಏನೂ ಅಲ್ಲವೆನಿಸಬಹುದು, ಆದರೆ ಚಿಕ್ಕ ಕೈಯವರು ತೋರುಬೆರಳನ್ನು ಅಡ್ಡವಾಗಿಟ್ಟು ಆರೂ ತಂತಿಗಳನ್ನು ಒಮ್ಮೆಲೇ ಅದುಮಬೇಕಾದಾಗ ಆ ಅಗಲ ಮಣಿಕಟ್ಟಿಗೆ ತಿಳಿಯುತ್ತದೆ. ಬೆರಳ ನೋವಾದರೋ, ದಿನವೂ ಹದಿನೈದಿಪ್ಪತ್ತು ನಿಮಿಷ ನುಡಿಸಿದರೆ ಕೆಲವೇ ವಾರಗಳಲ್ಲಿ ಚರ್ಮ ಗಟ್ಟಿಯಾಗಿ ತಾನಾಗಿ ಇಳಿಯುತ್ತದೆ. ಆದ್ದರಿಂದ ತಂತಿ ಮೃದುವೆಂಬ ಒಂದೇ ಕಾರಣಕ್ಕೆ ನೈಲಾನ್ ಕೊಳ್ಳಬೇಡಿ. ಆ ಧ್ವನಿ ಇಷ್ಟವೆಂದು ಕೊಳ್ಳಿ. ಒಮ್ಮೆ ಕೊಂಡ ಮೇಲೆ ಸದ್ದು ಜೋರಾಗಲಿ ಎಂದು ಕ್ಲಾಸಿಕಲ್ ಗಿಟಾರಿಗೆ ಸ್ಟೀಲ್ ತಂತಿ ಹಾಕುವ ಸಾಹಸ ಮಾತ್ರ ಬೇಡವೇ ಬೇಡ. ಮೂವತ್ತು ಕಿಲೋ ಹೆಚ್ಚಿನ ಸೆಳೆತಕ್ಕೆ ಅದರ ನೆಕ್ ಬಾಗುತ್ತದೆ, ತಂತಿ ಕಟ್ಟುವ ಮರದ ಪಟ್ಟಿಯೇ ಕಿತ್ತು ಬರಬಹುದು.

ಗಾತ್ರದ ವಿಷಯದಲ್ಲಿ ದೊಡ್ಡದೇ ಒಳ್ಳೆಯದೆಂಬ ಭಾವನೆಯನ್ನು ಬಿಡಬೇಕು. ಅಂಗಡಿಯಲ್ಲಿ ಹೆಚ್ಚಾಗಿ ತೂಗಿರುವುದು ಡ್ರೆಡ್‌ನಾಟ್ ಎಂಬ ಅಗಲ ಸೊಂಟದ ಮಾದರಿ. 1906ರ ಬ್ರಿಟಿಷ್ ಯುದ್ಧನೌಕೆಯೊಂದರ ಹೆಸರನ್ನು ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಅದಕ್ಕಿಟ್ಟಿತು ಎಂದರೆ ಅದರ ಗಾತ್ರದ ಅಂದಾಜು ಸಿಗುತ್ತದೆ. ಕೆಳಭಾಗದ ಅಗಲ ಸುಮಾರು 40 ಸೆಂಟಿಮೀಟರ್. ಎತ್ತರದ ಆಳಿಗೆ ಅದು ಹೊಂದುತ್ತದೆ. ಸಣ್ಣ ಮೈಕಟ್ಟಿನವರಿಗೆ ಬಲಭುಜವನ್ನು ಕಿವಿಯತ್ತ ಎತ್ತಿಕೊಂಡು ನುಡಿಸಬೇಕಾಗುತ್ತದೆ, ಅರ್ಧ ಗಂಟೆಯಲ್ಲಿ ಬೆನ್ನು ಹಿಡಿಯುತ್ತದೆ. ಅಂಥವರು ಕನ್ಸರ್ಟ್ ಅಥವಾ ಪಾರ್ಲರ್ ಎಂದು ಕರೆಯುವ ಕಿರಿಯ ಗಾತ್ರದ್ದನ್ನು ಕೇಳಬೇಕು. ಕೈಯಿಲ್ಲದ ಕುರ್ಚಿಯ ಮೇಲೆ ಕುಳಿತು, ಗಿಟಾರನ್ನು ತೊಡೆಯ ಮೇಲಿಟ್ಟು, ಬಲಗೈಯನ್ನು ಅದರ ಮೇಲೆ ಹಾಯಿಸಿ, ಎರಡೂ ಭುಜಗಳು ಸಡಿಲವಾಗಿ ಕೆಳಗಿವೆಯೇ ಎಂದು ನೋಡಿಕೊಳ್ಳಿ. ಮಕ್ಕಳಿಗೆ ಅರ್ಧ ಮತ್ತು ಮುಕ್ಕಾಲು ಗಾತ್ರದ ಗಿಟಾರುಗಳೇ ಸಿಗುತ್ತವೆ; ಹನ್ನೆರಡು ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳು ಪೂರ್ಣ ಗಾತ್ರಕ್ಕೆ ಬರುತ್ತಾರೆ. ಬೆಳೆಯುವ ಮಗುವಿಗೆ ಅಂಗಿ ಕೊಂಡಂತೆ ಮುಂದಿನ ವರ್ಷಕ್ಕೂ ಆಗಲೆಂದು ದೊಡ್ಡದನ್ನು ಕೊಂಡರೆ ಈ ವರ್ಷದ ಕಲಿಕೆಯೇ ನಿಂತುಹೋಗುತ್ತದೆ.

ಮರದ ಬಗ್ಗೆ ಅಂಗಡಿಯವರು ಬಹಳ ಹೇಳುತ್ತಾರೆ. ಹೊಸಬರು ತಿಳಿಯಬೇಕಾದದ್ದು ಇಷ್ಟೇ: ಮೇಲಿನ ಹಲಗೆ ಒಂದೇ ಮರದ ಪದರದ್ದಾದರೆ ಧ್ವನಿ ತುಂಬಿರುತ್ತದೆ, ಬೆಲೆಯೂ ಹವಾಮಾನದ ಕಿರಿಕಿರಿಯೂ ಹೆಚ್ಚು, ಪ್ಲೈವುಡ್ಡಿನಂತೆ ಪದರಗಳನ್ನು ಅಂಟಿಸಿದ ಲ್ಯಾಮಿನೇಟ್ ಹಲಗೆಯದು ಧ್ವನಿಯಲ್ಲಿ ಸ್ವಲ್ಪ ಹಿಂದೆ, ತಾಳಿಕೆಯಲ್ಲಿ ಮುಂದೆ. ಮೊದಲ ಗಿಟಾರಿಗೆ, ಅದರಲ್ಲೂ ಕರಾವಳಿಯಲ್ಲಿ ಮತ್ತು ಮಲೆನಾಡಿನಲ್ಲಿ ಇರುವವರಿಗೆ, ಲ್ಯಾಮಿನೇಟ್ ಸಾಕು.

ಬೆಲೆಯ ಲೆಕ್ಕ ಹಾಕೋಣ. ಎರಡು ಮೂರು ಸಾವಿರ ರೂಪಾಯಿಗೆ ಚೀಲ, ಬೆಲ್ಟ್, ತಂತಿ, ತಂತಿ ಮೀಟುವ ಪಿಕ್ ಎಲ್ಲ ಸೇರಿಸಿ ಕೊಡುವ ಗಿಟಾರುಗಳಲ್ಲಿ ಫ್ರೆಟ್ಟುಗಳ ಮಟ್ಟ, ಬಿರಡೆಗಳ ಹಿಡಿತ ಸರಿಯಿರುವುದು ಅದೃಷ್ಟದ ಮಾತು. ಸುಮಾರು 8,000ದಿಂದ 13,000 ರೂಪಾಯಿಯ ನಡುವೆ ಹೆಚ್ಚುಕಡಿಮೆ ಖಚಿತವಾದ ಗುಣಮಟ್ಟ ಸಿಗುತ್ತದೆ. ಸ್ಟೀಲ್ ತಂತಿಯಲ್ಲಿ ಯಮಹಾದ ಎಫ್ 280 ಮತ್ತು ಎಫ್ 310, ನೈಲಾನಿನಲ್ಲಿ ಅದೇ ಕಂಪನಿಯ ಸಿ 40 ಎಂಬ ಮಾದರಿಗಳನ್ನು ನಮ್ಮಲ್ಲಿ ಮೇಷ್ಟರುಗಳು ಹೆಚ್ಚಾಗಿ ಸೂಚಿಸುವುದು ಈ ಕಾರಣಕ್ಕೆ. ಎಫ್ 310ರಲ್ಲಿ ತಂತಿಯ ನುಡಿಯುವ ಉದ್ದ 634 ಮಿಲಿಮೀಟರ್, ಸಿ 40ರಲ್ಲಿ 650. ತಂತಿ ಗಿಡ್ಡವಾದಷ್ಟೂ ಫ್ರೆಟ್ಟುಗಳ ನಡುವಣ ಅಂತರ ಕಡಿಮೆಯಾಗಿ ಚಿಕ್ಕ ಬೆರಳುಗಳಿಗೆ ಅನುಕೂಲ. ಬೇರೆ ಕಂಪನಿಗಳದ್ದೂ ಚೆನ್ನಾಗಿಯೇ ಇರಬಹುದು, ಮುಂದೆ ಹೇಳುವ ಪರೀಕ್ಷೆಗಳಲ್ಲಿ ಪಾಸಾಗಬೇಕು, ಅಷ್ಟೆ. ನಮ್ಮ ಅಂಗಡಿಗಳಲ್ಲಿ ಸೆಮಿ ಅಕೌಸ್ಟಿಕ್ ಎಂದು ಮಾರುವ, ಸ್ಪೀಕರಿಗೆ ಜೋಡಿಸಬಹುದಾದ ಗಿಟಾರಿನ ಅಗತ್ಯ ವೇದಿಕೆ ಹತ್ತುವವರೆಗೆ ಇಲ್ಲ. ಅದೇ ಬೆಲೆಯಲ್ಲಿ ಆ ಉಪಕರಣಕ್ಕೆ ಹೋಗುವ ಹಣವನ್ನು ವಾದ್ಯದಿಂದಲೇ ಕಡಿತ ಮಾಡಿರುತ್ತಾರೆ ಎಂಬುದನ್ನು ಮರೆಯಬಾರದು.

ಇನ್ನು ಅಂಗಡಿಯಲ್ಲಿ ಮಾಡಬೇಕಾದ ಕೆಲಸ. ಜೇಬಿನಲ್ಲಿ ಉಬ್ಬು ಅಕ್ಷರಗಳಿಲ್ಲದ ಮೂರ್ನಾಲ್ಕು ಎಟಿಎಂ ಕಾರ್ಡ್‌ಗಳು, ಒಂದು ತುಂಡು ಕಾಗದ, ಫೋನಿನಲ್ಲಿ ಶ್ರುತಿ ತೋರಿಸುವ ಟ್ಯೂನರ್ ಆ್ಯಪ್ ಇದ್ದರೆ ಸಾಕು. ಎಟಿಎಂ ಕಾರ್ಡ್ ಎಲ್ಲ ಬ್ಯಾಂಕುಗಳದ್ದೂ 0.76 ಮಿಲಿಮೀಟರ್ ದಪ್ಪ, ಆದ್ದರಿಂದ ಅದೊಂದು ನಂಬಬಹುದಾದ ಅಳತೆ. ಮೊದಲು ಗಿಟಾರನ್ನು ಸರಿಯಾಗಿ ಶ್ರುತಿ ಮಾಡಿಸಿ, ಏಕೆಂದರೆ ಸಡಿಲ ತಂತಿಯ ಎತ್ತರವನ್ನು ಅಳೆದು ಪ್ರಯೋಜನವಿಲ್ಲ. ಬಳಿಕ ನೆಕ್‌ನ ಬದಿಯಲ್ಲಿ ಎರಡು ಚುಕ್ಕೆಗಳಿರುವ ಹನ್ನೆರಡನೆಯ ಫ್ರೆಟ್ಟಿನ ಲೋಹದ ಪಟ್ಟಿಯ ಮೇಲೆ ಮೂರು ಕಾರ್ಡ್‌ಗಳನ್ನು ಒಟ್ಟಿಗೆ ಹಿಡಿದು, ಮೇಲಿನ ದಪ್ಪ ತಂತಿಯ ಅಡಿಗೆ ಸರಿಸಿ. ಸ್ಟೀಲ್ ತಂತಿಯ ಗಿಟಾರಿನಲ್ಲಿ ಮೂರು ಕಾರ್ಡ್‌ಗಳು ತಂತಿಗೆ ಸವರಿಕೊಂಡಂತೆ ನುಸುಳಿದರೆ ಎತ್ತರ ಹಿತವಾಗಿದೆ. ನಾಲ್ಕು ಕಾರ್ಡ್‌ಗಳು ನಿರಾಯಾಸವಾಗಿ ಹೋದರೆ ಅದು ಹೊಸಬರಿಗೆ ಹೆಚ್ಚು. ಅತಿ ತೆಳು ತಂತಿಯ ಅಡಿಯಲ್ಲಿ ಎರಡೂವರೆ ಕಾರ್ಡಿನಷ್ಟು, ಎಂದರೆ ಎರಡು ಮಿಲಿಮೀಟರಿನ ಆಸುಪಾಸು ಇರಬೇಕು. ನೈಲಾನ್ ತಂತಿ ಹೆಚ್ಚು ತೂಗಾಡುವುದರಿಂದ ಅಲ್ಲಿ ದಪ್ಪ ತಂತಿಗೆ ಸುಮಾರು ನಾಲ್ಕು ಮಿಲಿಮೀಟರ್, ತೆಳು ತಂತಿಗೆ ಮೂರು ಮಿಲಿಮೀಟರ್ ಸಹಜ.

ಹನ್ನೆರಡನೆಯ ಫ್ರೆಟ್ಟಿನ ಎತ್ತರ ಸರಿಯಿದ್ದೂ ಮೊದಲ ಫ್ರೆಟ್ಟಿನಲ್ಲಿ ಬೆರಳು ಸೋಲುವುದುಂಟು, ಮತ್ತು ಇದನ್ನು ಪರೀಕ್ಷಿಸುವವರು ಕಡಿಮೆ. ತಲೆಯ ಬಳಿ ತಂತಿಗಳು ಹಾದುಬರುವ ಬಿಳಿಯ ಪಟ್ಟಿಯನ್ನು ನಟ್ ಎನ್ನುತ್ತಾರೆ. ಅದರ ಗೀರುಗಳನ್ನು ಕಾರ್ಖಾನೆಯಲ್ಲಿ ಸಾಕಷ್ಟು ಆಳವಾಗಿ ಕೊರೆಯದಿದ್ದರೆ ತಂತಿ ಅಲ್ಲಿ ಎತ್ತರದಲ್ಲೇ ನಿಲ್ಲುತ್ತದೆ. ತಂತಿಯನ್ನು ಎರಡು ಮತ್ತು ಮೂರನೆಯ ಫ್ರೆಟ್ಟುಗಳ ನಡುವೆ ಅದುಮಿ ಹಿಡಿದು, ಮೊದಲ ಫ್ರೆಟ್ಟಿನ ಮೇಲೆ ಎಷ್ಟು ಸಂದಿದೆ ಎಂದು ಬದಿಯಿಂದ ನೋಡಿ. ಕಾಗದದ ದಪ್ಪದಷ್ಟು ಸಂದು ಇರಬೇಕು. ಎಟಿಎಂ ಕಾರ್ಡ್ ಹಿಡಿಯುವಷ್ಟಿದ್ದರೆ ಹೊಸಬರು ಕಲಿಯುವ ಮೊದಲ ಸ್ವರಗುಚ್ಛಗಳಾದ ಸಿ, ಇ, ಎಫ್ ಮೂರೂ ಬೆರಳು ಕೊರೆಯುತ್ತವೆ.

ಮುಂದೆ ಪ್ರತಿಯೊಂದು ತಂತಿಯನ್ನೂ ಪ್ರತಿಯೊಂದು ಫ್ರೆಟ್ಟಿನಲ್ಲೂ ಒತ್ತಿ ಒಂದೊಂದು ಸಲ ಮೀಟಬೇಕು. ಆರು ತಂತಿ, ಹನ್ನೆರಡು ಫ್ರೆಟ್ಟು, ಎಪ್ಪತ್ತೆರಡು ಸ್ವರ. ಐದು ನಿಮಿಷದ ಕೆಲಸ. ನುಡಿಸಲು ಬಾರದವರೂ ಇದನ್ನು ಮಾಡಬಹುದು, ಆದ್ದರಿಂದ ಸಂಕೋಚಪಡಬಾರದು. ಬೆರಳು ಲೋಹದ ಪಟ್ಟಿಯ ಮೇಲಲ್ಲದೆ ಅದರ ತೀರ ಹಿಂದೆ ಇರಲಿ. ಸ್ವರ ಸ್ವಚ್ಛವಾಗಿ ಹೊರಟು ನಿಧಾನವಾಗಿ ಇಳಿಯಬೇಕು. ಎಲ್ಲಿಯಾದರೂ ಝರ್ ಎಂಬ ಸದ್ದು ಬಂದರೆ, ಅಥವಾ ಸ್ವರ ಹುಟ್ಟುತ್ತಲೇ ಸತ್ತರೆ, ಅಲ್ಲೊಂದು ಫ್ರೆಟ್ಟು ಮೇಲೆದ್ದಿದೆ ಎಂದರ್ಥ. ತಂಬೂರಿಯಲ್ಲಿ ಕುದುರೆಯ ಮೇಲೆ ದಾರವಿಟ್ಟು ಬಯಸಿ ಪಡೆಯುವ ಆ ಝೇಂಕಾರ ಗಿಟಾರಿನಲ್ಲಿ ದೋಷವೇ ಸರಿ. ಆಮೇಲೆ ಟ್ಯೂನರ್ ತೆರೆದು, ಒಂದು ತಂತಿಯನ್ನು ಬಿಡಿಯಾಗಿ ಮೀಟಿ ಸ್ವರ ನೋಡಿಕೊಂಡು, ಅದನ್ನೇ ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿ ಮತ್ತೆ ಮೀಟಿ. ಹನ್ನೆರಡನೆಯ ಫ್ರೆಟ್ಟು ತಂತಿಯನ್ನು ಅರ್ಧಕ್ಕೆ ತುಂಡರಿಸುವುದರಿಂದ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರಬೇಕು: ತೆಳು ತಂತಿಯಿಂದ ಎಣಿಸಿದರೆ ಐದನೆಯದಾದ ತಂತಿ ಬಿಡಿಯಾಗಿ 110 ಹರ್ಟ್ಸ್‌ನಲ್ಲಿ ನುಡಿದರೆ ಹನ್ನೆರಡರಲ್ಲಿ 220. ಮುಳ್ಳು ಸ್ಪಷ್ಟವಾಗಿ ಮೇಲಕ್ಕೋ ಕೆಳಕ್ಕೋ ಸರಿದು ನಿಂತರೆ, ಮತ್ತು ಹೊಸ ತಂತಿ ಹಾಕಿದ ಮೇಲೂ ಹಾಗೇ ಇದ್ದರೆ, ಆ ಗಿಟಾರ್ ಎಷ್ಟೇ ಶ್ರುತಿ ಮಾಡಿದರೂ ಮೇಲಿನ ಫ್ರೆಟ್ಟುಗಳಲ್ಲಿ ಅಪಸ್ವರವಾಡುತ್ತದೆ. ಕಿವಿ ಇನ್ನೂ ತಯಾರಾಗುತ್ತಿರುವ ಹೊತ್ತಿನಲ್ಲಿ ದಿನವೂ ಅಪಸ್ವರ ಕೇಳುವುದು ಬೆರಳ ನೋವಿಗಿಂತ ದೊಡ್ಡ ಹಾನಿ ಎಂದು ನಾನು ನಂಬಿದ್ದೇನೆ.

ಉಳಿದವು ಕಣ್ಣು ಮತ್ತು ಕೈಯ ಪರೀಕ್ಷೆಗಳು. ನೆಕ್‌ನ ಅಂಚಿನುದ್ದಕ್ಕೂ ಅಂಗೈ ಸವರಿದಾಗ ಫ್ರೆಟ್ಟುಗಳ ತುದಿ ಚುಚ್ಚಬಾರದು. ಮೊದಲ ಫ್ರೆಟ್ಟನ್ನೂ ನೆಕ್ ಒಡಲಿಗೆ ಸೇರುವಲ್ಲಿನ ಫ್ರೆಟ್ಟನ್ನೂ ಒಟ್ಟಿಗೆ ಅದುಮಿದರೆ ತಂತಿಯೇ ಗೆರೆಪಟ್ಟಿಯಾಗುತ್ತದೆ; ಮಧ್ಯದಲ್ಲಿ ದಪ್ಪ ಕಾಗದ ತೂರುವಷ್ಟು ಸಂದಿದ್ದರೆ ನೆಕ್ ಸರಿಯಾಗಿದೆ, ಹೆಚ್ಚು ಬಾಗಿದ್ದರೆ ಬಿಡಿ. ಒಡಲಿನ ಮೇಲೆ ತಂತಿಗಳನ್ನು ಸಿಕ್ಕಿಸಿರುವ ಬ್ರಿಡ್ಜ್, ಎಂದರೆ ನಮ್ಮ ವೀಣೆಯವರು ಕುದುರೆ ಎನ್ನುವ ಭಾಗ, ಹಲಗೆಗೆ ಅಂಟಿಕೊಂಡಿರಬೇಕು. ಅದರ ಹಿಂಬದಿಯಲ್ಲಿ ಕಾಗದದ ತುದಿ ಒಳಸರಿಯಿತೆಂದರೆ ಅಂಟು ಬಿಡಲು ಆರಂಭಿಸಿದೆ. ಬಿರಡೆಗಳು ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಒಂದೇ ಹದದಲ್ಲಿ ತಿರುಗಬೇಕು, ತಿರುಗಿಸಿದ ಕೂಡಲೇ ಸ್ವರ ಬದಲಾಗಬೇಕು. ಎಡಗೈ ಬಳಸುವವರು ಎಡಗೈ ಗಿಟಾರನ್ನೇ ಕೊಳ್ಳಬೇಕೆಂದಿಲ್ಲ. ಎರಡೂ ಕೈಗೂ ಕೆಲಸವಿರುವ ವಾದ್ಯವಿದು, ಬಲಗೈಯದು ಸರಿಹೊಂದುವುದೇ ಎಂದು ಮೊದಲು ಹಿಡಿದು ನೋಡಿ, ಏಕೆಂದರೆ ಎಡಗೈಯವರಿಗೆ ನಮ್ಮ ಅಂಗಡಿಗಳಲ್ಲಿ ಆಯ್ಕೆ ಬಹಳ ಕಡಿಮೆ.

ಎಲ್ಲ ಚೆನ್ನಾಗಿದ್ದು ತಂತಿಯ ಎತ್ತರ ಮಾತ್ರ ಹೆಚ್ಚಿದ್ದರೆ ಆ ಗಿಟಾರನ್ನು ತಿರಸ್ಕರಿಸಬೇಕಿಲ್ಲ, ಸೆಟಪ್ ಮಾಡಿಸಿದರೆ ಸರಿಹೋಗುತ್ತದೆ. ಬ್ರಿಡ್ಜ್ ಮೇಲಿನ ಬಿಳಿಯ ಪಟ್ಟಿಯನ್ನು ಹೊರತೆಗೆದು ಅದರ ತಳವನ್ನು ಉಜ್ಜಿ ತಗ್ಗಿಸುತ್ತಾರೆ, ನಟ್‌ನ ಗೀರುಗಳನ್ನು ಸಣ್ಣ ಅರದಿಂದ ಆಳ ಮಾಡುತ್ತಾರೆ, ಸ್ಟೀಲ್ ತಂತಿಯ ಗಿಟಾರಾದರೆ ನೆಕ್‌ನೊಳಗಿನ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳನ್ನು ತಿರುಗಿಸಿ ಬಾಗು ಸರಿಪಡಿಸುತ್ತಾರೆ. ಹನ್ನೆರಡನೆಯ ಫ್ರೆಟ್ಟು ತಂತಿಯ ನಡುಮಧ್ಯದಲ್ಲಿರುವುದರಿಂದ ಅಲ್ಲಿ ಅರ್ಧ ಮಿಲಿಮೀಟರ್ ಇಳಿಸಲು ಪಟ್ಟಿಯಲ್ಲಿ ಒಂದು ಮಿಲಿಮೀಟರ್ ಉಜ್ಜಬೇಕು. ಪಟ್ಟಿ ಈಗಾಗಲೇ ಬ್ರಿಡ್ಜ್‌ನಿಂದ ಮೇಲೆ ಕಾಣದಷ್ಟು ತಗ್ಗಿದ್ದರೆ ಇಳಿಸಲು ಜಾಗವಿಲ್ಲ, ಅಂಥದ್ದನ್ನು ಕೊಳ್ಳಬಾರದು. ಸೋದರಳಿಯನ ಗಿಟಾರಿಗೂ ಇದನ್ನೇ ಮಾಡಿಸಿದೆವು. ರಿಪೇರಿಯವರು ಪಟ್ಟಿಯಲ್ಲಿ ಎರಡು ಮಿಲಿಮೀಟರಿಗಿಂತ ಹೆಚ್ಚೇ ಉಜ್ಜಬೇಕಾಯಿತು. ಮರಳಿ ಬಂದಾಗ ಮೂರು ಕಾರ್ಡ್‌ಗಳು ಬಿಗಿಯಾಗಿ ನುಸುಳುತ್ತಿದ್ದವು, ಅವನು ಅಂದು ಸಂಜೆಯೇ ಎಫ್ ಹಿಡಿದು ಆರೂ ತಂತಿ ಕೇಳಿಸಿದ. ಕೊಳ್ಳುವಾಗಲೇ ಸೆಟಪ್ ಮಾಡಿಕೊಡುತ್ತೀರಾ ಎಂದು ಅಂಗಡಿಯಲ್ಲಿ ಕೇಳಿ. ಬೆಲೆಯಲ್ಲಿ ಐನೂರು ಇಳಿಸುವಂತೆ ಚೌಕಾಸಿ ಮಾಡುವುದಕ್ಕಿಂತ ಇದನ್ನು ಕೇಳಿ ಪಡೆಯುವುದು ಲಾಭ.

ಹತ್ತಿರದಲ್ಲಿ ಅಂಗಡಿಯಿಲ್ಲದ ಊರಿನವರು ಆನ್‌ಲೈನಿನಲ್ಲಿ ತರಿಸಬೇಕಾದರೆ ಹಿಂದಿರುಗಿಸುವ ಅವಧಿ ಎಷ್ಟು ದಿನವೆಂದು ನೋಡಿಕೊಂಡು, ಪೆಟ್ಟಿಗೆ ಬಂದ ದಿನವೇ ಮೇಲಿನ ಪರೀಕ್ಷೆಗಳನ್ನೆಲ್ಲ ಮಾಡಿ ಮುಗಿಸಬೇಕು. ಹಳೆಯ ಗಿಟಾರ್ ಸಿಕ್ಕರೆ ಬೇಡವೆನ್ನಬೇಡಿ. ಒಂದೆರಡು ವರ್ಷ ಬಳಸಿದ ಒಳ್ಳೆಯ ಗಿಟಾರ್ ಅದೇ ಬೆಲೆಯ ಹೊಸ ಕೆಟ್ಟ ಗಿಟಾರಿಗಿಂತ ಎಷ್ಟೋ ವಾಸಿ. ತುಕ್ಕು ಹಿಡಿದ ತಂತಿ ದೋಷವಲ್ಲ, ಬಾಗಿದ ನೆಕ್ ಮತ್ತು ಬಿಟ್ಟ ಅಂಟು ದೋಷ.

ಜೊತೆಗೆ ಬೇಕಾದವು ನಾಲ್ಕೇ: ಗಿಟಾರಿನ ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್, ದಪ್ಪ ಸ್ಪಂಜಿರುವ ಚೀಲ, ಒಂದು ಸೆಟ್ ಹೆಚ್ಚುವರಿ ತಂತಿ, ಒಂದೆರಡು ಪಿಕ್. ಹಾಡುವವರಾದರೆ ಕೇಪೋ ಕೂಡ ಇರಲಿ. ಅದನ್ನು ಫ್ರೆಟ್ಟಿಗೆ ಅಡ್ಡವಾಗಿ ಬಿಗಿದರೆ ಕಲಿತ ಅವೇ ನಾಲ್ಕು ಸ್ವರಗುಚ್ಛಗಳನ್ನು ಹಿಡಿದು ನಿಮ್ಮ ಕಂಠದ ಶ್ರುತಿಗೆ ಹೊಂದಿಸಿಕೊಳ್ಳಬಹುದು. ಸ್ಟೀಲ್ ತಂತಿ ಬದಲಿಸುವಾಗ 12ರ ಸೆಟ್ ಬದಲು 10 ಅಥವಾ 11ರ ಸೆಟ್ ಕೇಳಿ. ಈ ಅಂಕಿ ಅತಿ ತೆಳು ತಂತಿಯ ದಪ್ಪವನ್ನು ಇಂಚಿನ ಸಾವಿರ ಭಾಗಗಳಲ್ಲಿ ಹೇಳುತ್ತದೆ, ಕಡಿಮೆಯಾದಷ್ಟೂ ಬೆರಳಿಗೆ ಸುಲಭ.

ಮನೆಗೆ ತಂದ ಮೇಲೆ ಮೊದಲ ಕೆಲವು ದಿನ ಹೊಸ ತಂತಿ ಹಿಗ್ಗುತ್ತ ಶ್ರುತಿ ಇಳಿಯುತ್ತಲೇ ಇರುತ್ತದೆ, ಗಾಬರಿಯಾಗಬೇಕಿಲ್ಲ. ಪ್ರತಿ ಸಲ ಕೂರುವ ಮುನ್ನ ಶ್ರುತಿ ಮಾಡಿಕೊಳ್ಳಿ. ಗಾಳಿಯ ತೇವ ಶೇಕಡಾ 45ರಿಂದ 55ರ ನಡುವೆ ಇದ್ದರೆ ಗಿಟಾರಿಗೆ ಹಿತ. ಬೆಂಗಳೂರಿನ ಫೆಬ್ರವರಿ, ಮಾರ್ಚ್‌ನ ಒಣಹವೆಯಲ್ಲಿ ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಹೊರಚಾಚಬಹುದು. ಮಂಗಳೂರು, ಆಗುಂಬೆಯ ಮಳೆಗಾಲದಲ್ಲಿ ಮರ ಉಬ್ಬಿ ತಂತಿ ಮೇಲೇಳುತ್ತದೆ, ತಂತಿಗೆ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ತಂತಿ ಒರೆಸಿ, ಮಳೆಗಾಲದಲ್ಲಿ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಹೊರಗೋಡೆಗೆ ತಾಗಿಸಿ ನಿಲ್ಲಿಸಬೇಡಿ. ಊರಿಗೆ ಒಯ್ಯುವಾಗ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಮಾತ್ರ ಬಿಟ್ಟು ಊಟಕ್ಕೆ ಹೋಗಬೇಡಿ. ಆ ಕಾವಿಗೆ ಬ್ರಿಡ್ಜ್‌ನ ಅಂಟು ಮೆತ್ತಗಾಗಿ, ಬಿಗಿದ ತಂತಿಗಳ ಸೆಳೆತಕ್ಕೆ ಜಾರಲು ಒಂದು ಮಧ್ಯಾಹ್ನ ಸಾಕು.